ಭಾಷಾನಷ್ಟದ ಚಿಕಿತ್ಸೆಯಲ್ಲಿ ಅವಧಾನ: ಒಂದು ಚಾರಿತ್ರಿಕ ನೋಟ

ಮಿದುಳಿನ ಹಾನಿಯಿಂದ ಒದಗುವ ಭಾಷಾನಷ್ಟವನ್ನು ವೈದ್ಯಶಾಸ್ತ್ರವು ಅಫೇಸಿಯಾ ಎಂದು ಕರೆಯುತ್ತದೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ‘ಟ್ಯಾನ್’ ಎಂಬ ಉಲಿಯನ್ನಷ್ಟೇ ಆಡುತ್ತಿದ್ದ ರೋಗಿಯೊಬ್ಬನ ಮಿದುಳಿನ ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದರು. ಮುಂದೆ ಬಹುಕಾಲ ವಿದ್ವಾಂಸರ ಗಮನವೆಲ್ಲ ಹಾನಿಯ ಸ್ಥಾನದ ಮೇಲೆಯೇ ನೆಟ್ಟಿತ್ತು.

ಚಿಕಿತ್ಸೆಯ ಪ್ರಶ್ನೆಗೆ ತುರ್ತು ತಂದುದು ಎರಡನೆಯ ಮಹಾಯುದ್ಧ. ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಯುರಲ್ ಪ್ರದೇಶದ ಆಸ್ಪತ್ರೆಯೊಂದರಲ್ಲಿ, ತಲೆಗೆ ಗಾಯವಾದ ಸೈನಿಕರಿಗೆ ಓದು, ಬರಹ, ಮಾತುಗಳನ್ನು ಮರಳಿ ಕಲಿಸುವ ಕಾರ್ಯ ಕೈಗೊಂಡರು. 1943ರಲ್ಲಿ ಗಾಯಗೊಂಡ ಜಾಸೆತ್ಸ್ಕಿಯ ಪ್ರಸಂಗ ಇಲ್ಲಿ ಗಮನಾರ್ಹ. ಒಂದೊಂದೇ ಅಕ್ಷರದ ರೂಪವನ್ನು ನೆನೆದು ಬರೆಯಹೊರಟರೆ ಆತನ ಕೈ ನಿಂತುಬಿಡುತ್ತಿತ್ತು. ವೈದ್ಯರೊಬ್ಬರ ಸಲಹೆಯಂತೆ, ಪೆನ್ಸಿಲನ್ನು ಎತ್ತದೆ ಇಡೀ ಪದವನ್ನು ಒಮ್ಮೆಗೇ ಬರೆದಾಗ ಬರಹ ಸಾಗಿತು. ಬರೆದುದನ್ನು ಓದಲು ಮಾತ್ರ ಆತ ಕಡೆಯವರೆಗೂ ಹೆಣಗಿದ. ಅವಧಾನ ಹೆಚ್ಚಿದಷ್ಟೂ ಒಳಿತೆಂಬ ಸರಳ ಎಣಿಕೆಗೆ ಈ ಪ್ರಸಂಗ ಒಗ್ಗದು.

ಅವಧಾನವನ್ನೇ ನೇರವಾಗಿ ಪಳಗಿಸುವ ಕ್ರಮವೊಂದನ್ನು ಸೋಲ್‌ಬರ್ಗ್ ಮತ್ತು ಮಟೀರ್ 1987ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಒಂದು ವಿಷಯದ ಮೇಲೆ ಮನಸ್ಸನ್ನು ನಿಲ್ಲಿಸುವುದರಿಂದ ಆರಂಭಿಸಿ, ಏಕಕಾಲಕ್ಕೆ ಎರಡು ಕೆಲಸಗಳಿಗೆ ಹಂಚುವವರೆಗೆ ಅದರ ಮೆಟ್ಟಿಲುಗಳಿವೆ. 1991ರಲ್ಲಿ ಮೆಕ್‌ನೀಲ್ ಮತ್ತು ಸಂಗಡಿಗರು, ಅಫೇಸಿಯಾದ ಮೂಲದಲ್ಲಿ ಅವಧಾನದ ಹಂಚಿಕೆಯ ದೋಷವೂ ಇರಬಹುದೆಂದು ವಾದಿಸಿದರು. ಈಗ ನುಡಿದ ಪದಕ್ಕೇ ರೋಗಿ ಮರುಗಳಿಗೆ ತಡಕಾಡುವುದುಂಟು; ಪದವೇ ಅಳಿದಿದ್ದರೆ ಹೀಗಾಗದು. ಆದರೂ ವಾದದಷ್ಟು ಫಲ ಗಟ್ಟಿಯಾಗಿಲ್ಲ. 2006ರಲ್ಲಿ ಲಾರಾ ಮರ್ರಿ ಮತ್ತು ಸಂಗಡಿಗರು ಸೌಮ್ಯ ಅಫೇಸಿಯಾದ ಒಬ್ಬ ವ್ಯಕ್ತಿಗೆ ಇಂಥ ತರಬೇತಿ ನೀಡಿದಾಗ, ಅಭ್ಯಾಸ ಮಾಡಿಸಿದ ಕೆಲಸಗಳು ಸುಧಾರಿಸಿದವು; ದಿನನಿತ್ಯದ ಸಂವಹನಕ್ಕೆ ಆ ಲಾಭ ಅಷ್ಟಾಗಿ ಹರಿಯಲಿಲ್ಲ.