ಚಾರ್ಲ್ಸ್ ಎಸ್. ಆಷರ್

ಚಾರ್ಲ್ಸ್ ಎಸ್. ಆಷರ್ ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲರು ಹಾಗೂ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು. ನ್ಯೂ ಜೆರ್ಸಿ ರಾಜ್ಯದ ರ‍್ಯಾಡ್‌ಬರ್ನ್ ಬಡಾವಣೆಗಾಗಿ ಅವರು ಬರೆದ ಕರಾರುಗಳು ಆ ದೇಶದ ಮನೆಮಾಲೀಕರ ಸಂಘಗಳಿಗೆ ಪ್ರಮುಖ ಮಾದರಿಯಾದವು.

ರ‍್ಯಾಡ್‌ಬರ್ನ್ ಯೋಜನೆ

ಅಲೆಕ್ಸಾಂಡರ್ ಬಿಂಗ್ ಅವರ ನೇತೃತ್ವದಲ್ಲಿ 1924ರಲ್ಲಿ ಆರಂಭವಾದ ಸಿಟಿ ಹೌಸಿಂಗ್ ಕಾರ್ಪೊರೇಷನ್ ಎಂಬ ಕಂಪನಿಗೆ ಆಷರ್ ವಕೀಲರಾಗಿದ್ದರು. ಮೊದಲು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸನ್ನಿಸೈಡ್ ಗಾರ್ಡನ್ಸ್ ಕಟ್ಟಿದ ಈ ಕಂಪನಿಯು ಬಳಿಕ ಫೇರ್ ಲಾನ್ ಪಟ್ಟಣದ ವ್ಯಾಪ್ತಿಯಲ್ಲಿ ರ‍್ಯಾಡ್‌ಬರ್ನ್ ನಿರ್ಮಾಣಕ್ಕೆ ತೊಡಗಿತು. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಇದರ ವಿನ್ಯಾಸಕಾರರು. ವಾಹನಗಳ ದಾರಿಯನ್ನೂ ಕಾಲ್ನಡಿಗೆಯ ದಾರಿಯನ್ನೂ ಬೇರ್ಪಡಿಸಿದ್ದು ಈ ಬಡಾವಣೆಯ ವೈಶಿಷ್ಟ್ಯ. 1929ರಲ್ಲಿ ಮೊದಲ ಕುಟುಂಬಗಳು ನೆಲೆಸಿದವು.

ಮನೆಗಳ ನಡುವಿನ ಉದ್ಯಾನಗಳು ಎಲ್ಲರಿಗೂ ಸೇರಿದ್ದವು. ಅವುಗಳ ಪಾಲನೆಯ ಖರ್ಚನ್ನು ಹೊರುವವರಾರು? ಇದಕ್ಕೆ ಉತ್ತರ ಹುಡುಕುವ ಕೆಲಸ ವಕೀಲರ ಪಾಲಿಗೆ ಬಂದಿತು.

ಕರಾರುಗಳು

ಆಷರ್ ಅವರು ಕಂಡುಕೊಂಡ ದಾರಿಯ ತಿರುಳು ಇಷ್ಟು: ಕರಾರು ವ್ಯಕ್ತಿಗೆ ಅಂಟದೆ ಭೂಮಿಗೆ ಅಂಟಿಕೊಳ್ಳಬೇಕು. ಮನೆ ಯಾರ ಕೈ ಸೇರಿದರೂ ನಿರ್ಬಂಧಗಳು ಅದರ ಜೊತೆಯಲ್ಲೇ ಸಾಗುತ್ತವೆ. ರ‍್ಯಾಡ್‌ಬರ್ನ್ ಅಸೋಸಿಯೇಷನ್‌ಗೆ ವಾರ್ಷಿಕ ಶುಲ್ಕ ವಿಧಿಸುವ ಅಧಿಕಾರ ದೊರೆಯಿತು. ಬಾಕಿ ಉಳಿದ ಮೊತ್ತವು ಸ್ವತ್ತಿನ ಮೇಲೆ ಋಣಭಾರವಾಗಿ ನಿಲ್ಲುತ್ತಿತ್ತು. ತೆರಿಗೆಯನ್ನು ಹೋಲುವ ಈ ವ್ಯವಸ್ಥೆಯು ಸರ್ಕಾರದ್ದಲ್ಲ, ಖಾಸಗಿ ಒಪ್ಪಂದದ್ದು.

ಆದರೆ ಮತದಾನದ ಹಕ್ಕು ತೆರಿಗೆಯಂತೆ ಎಲ್ಲರಿಗೂ ಹಂಚಿಕೆಯಾಗಲಿಲ್ಲ. ಮೊದಲ ಟ್ರಸ್ಟಿಗಳನ್ನು ಕಂಪನಿಯೇ ಆರಿಸಿತು. ಹಾಲಿ ಮತ್ತು ಮಾಜಿ ಟ್ರಸ್ಟಿಗಳಷ್ಟೇ ಸಂಘದ ಸದಸ್ಯರೆನಿಸಿದರು. ಶುಲ್ಕ ತೆರುವ ಮನೆಮಾಲೀಕರು ಸದಸ್ಯರಾಗಲಿಲ್ಲ. ಚುನಾಯಿತ ರಾಜಕಾರಣಿಗಳಿಗಿಂತ ನುರಿತ ಆಡಳಿತಗಾರರಲ್ಲಿ ಭರವಸೆಯಿಟ್ಟ ಅಂದಿನ ನಗರಾಡಳಿತ ಸುಧಾರಣಾ ಚಿಂತನೆಯ ಛಾಯೆ ಇಲ್ಲಿ ಸ್ಪಷ್ಟವಾಗಿದೆ. ಹಿಂದೆ ನಗರ ವ್ಯವಸ್ಥಾಪಕರಾಗಿದ್ದ ಲೂಯಿಸ್ ಬ್ರೌನ್‌ಲೋ ಕಂಪನಿಯ ಸಲಹೆಗಾರರಾಗಿದ್ದರು.

ಮುಂದಿನ ಪರಿಣಾಮ

ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕ ಕಂಪನಿಯು 1930ರ ದಶಕದಲ್ಲಿ ದಿವಾಳಿಯಾಯಿತು. 25,000 ಜನರಿಗೆಂದು ಯೋಜಿಸಿದ್ದ ಪಟ್ಟಣದ ಅಲ್ಪಭಾಗ ಮಾತ್ರ ನಿರ್ಮಾಣವಾಯಿತು. ಕಂಪನಿ ಅಳಿದರೂ ಕರಾರುಗಳು ಉಳಿದವು. ಆಷರ್ ಮುಂದೆ ಬ್ರೂಕ್ಲಿನ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸಿದರು.

ಇವಾನ್ ಮೆಕೆಂಜಿ ಅವರ 'ಪ್ರೈವೆಟೋಪಿಯಾ' (1994) ಕೃತಿಯು ಖಾಸಗಿ ವಸತಿ ಆಡಳಿತದ ಇತಿಹಾಸದಲ್ಲಿ ಆಷರ್ ಅವರ ಪಾತ್ರವನ್ನು ಚರ್ಚಿಸುತ್ತದೆ. ಸದಸ್ಯತ್ವದ ಪ್ರಶ್ನೆಯನ್ನು ರ‍್ಯಾಡ್‌ಬರ್ನ್‌ನ ಕೆಲವು ನಿವಾಸಿಗಳು ನ್ಯಾಯಾಲಯಕ್ಕೆ ಒಯ್ದರು. ಕೊನೆಗೆ 2017ರಲ್ಲಿ ನ್ಯೂ ಜೆರ್ಸಿ ಶಾಸನಸಭೆಯು ಕಾಯ್ದೆಗೆ ತಿದ್ದುಪಡಿ ತಂದು, ಇಂತಹ ಸಂಘಗಳ ಮನೆಮಾಲೀಕರಿಗೆ ಸದಸ್ಯತ್ವವನ್ನೂ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಸ್ಪರ್ಧಿಸುವ, ಮತ ಚಲಾಯಿಸುವ ಹಕ್ಕನ್ನೂ ನೀಡಿತು. ಈ ಶಾಸನವು ರ‍್ಯಾಡ್‌ಬರ್ನ್ ಕಾಯ್ದೆ ಎಂದೇ ಹೆಸರಾಗಿದೆ.