ಸಭಾಪಾಲಕನ ಸತ್ಯಾಗ್ರಹ: ಮಾರ್ಟಿನ್ ಲೂಥರ್ ಕಿಂಗ್ ಮತ್ತು ಹರಪನಹಳ್ಳಿ–ಕೂಡ್ಲಿಗಿ ಸೀಮೆ

1934ರ ಮಾರ್ಚ್ ಮೊದಲ ವಾರದಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧದ ತಮ್ಮ ಹರಿಜನ ಯಾತ್ರೆಯ ಅಂಗವಾಗಿ ದಾವಣಗೆರೆಯಿಂದ ಹೊರಟು, ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಮಾರ್ಗವಾಗಿ ಸಂಡೂರು ಮತ್ತು ಬಳ್ಳಾರಿಗಳನ್ನು ತಲುಪಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಎಬೆನೇಜರ್ ಚರ್ಚಿನ ಸಭಾಪಾಲಕ ಮೈಕೇಲ್ ಕಿಂಗ್ ಅವರು ಬರ್ಲಿನ್ನಿನಲ್ಲಿ ನಡೆದ ಬ್ಯಾಪ್ಟಿಸ್ಟರ ಜಾಗತಿಕ ಸಮ್ಮೇಳನದಲ್ಲಿ ಭಾಗವಹಿಸಿದರು. ಊರಿಗೆ ಮರಳಿದ ಮೇಲೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನ ಹೆಸರನ್ನು ತಾವೂ ಧರಿಸಿ ಐದು ವರ್ಷದ ಮಗನಿಗೂ ಇಟ್ಟರು. ಈ ಎರಡು ಪ್ರಯಾಣಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಆ ಬಾಲಕ ಮುಂದೆ ಗಾಂಧಿಯನ್ನು ಓದಿ ನಾಗರಿಕ ಹಕ್ಕುಗಳ ಹೋರಾಟವನ್ನು ಮುನ್ನಡೆಸಿದ್ದರಿಂದ, ಇವೆರಡನ್ನೂ ಒಂದೇ ಚರಿತ್ರೆಯ ಭಾಗವಾಗಿ ನೋಡಲು ಅವಕಾಶವಿದೆ. ಕಿಂಗ್ ಅವರು ಗಾಂಧಿಯಿಂದ ಅಹಿಂಸೆಯ ವಿಧಾನವನ್ನು ಪಡೆದರೆಂಬುದು ಎಲ್ಲರೂ ಬಲ್ಲ ವಿಷಯ. ಅಸ್ಪೃಶ್ಯತೆಯ ಪ್ರಶ್ನೆಯನ್ನು ಅವರು ಹೇಗೆ ಗ್ರಹಿಸಿದರು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡದೆ, ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ಬಂದವರನ್ನು ನೀರಿನಲ್ಲಿ ಮುಳುಗಿಸಿ ದೀಕ್ಷೆ ನೀಡುವ ಪ್ರೊಟೆಸ್ಟಂಟ್ ಪಂಥದವರು. ಈ ಪಂಥದಲ್ಲಿ ಪ್ರತಿಯೊಂದು ಸಭೆಯೂ ತನ್ನ ಪಾಲಕನನ್ನು ತಾನೇ ಆರಿಸಿ ತಾನೇ ಸಂಬಳ ಕೊಡುತ್ತದೆ. ಬಿಳಿಯ ಧಣಿಯ ಕೈಕೆಳಗೆ ದುಡಿಯುವ ಶಿಕ್ಷಕನೋ ಕಾರ್ಮಿಕನೋ ಬಾಯಿ ತೆರೆದರೆ ಕೆಲಸ ಕಳೆದುಕೊಳ್ಳುವ ಸ್ಥಿತಿಯಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಕಪ್ಪು ಸಭಾಪಾಲಕನೊಬ್ಬನಿಗೆ ಮಾತ್ರ ಆ ಭಯ ಅಷ್ಟಾಗಿ ಇರಲಿಲ್ಲ. ಕಿಂಗ್ ಅವರ ನಾಯಕತ್ವವನ್ನು ವಾಗ್ವೈಭವದಿಂದಷ್ಟೇ ವಿವರಿಸುವವರು ಈ ಆರ್ಥಿಕ ಆಧಾರವನ್ನು ಮರೆಯುತ್ತಾರೆ.

ಗಾಂಧಿ ವಿಚಾರ ಕಿಂಗ್ ಅವರಿಗೆ ತಲುಪಿದ್ದೂ ಇಂಥ ಬೋಧಕರ ಮೂಲಕವೇ. 1936ರ ಫೆಬ್ರವರಿಯಲ್ಲಿ ಬ್ಯಾಪ್ಟಿಸ್ಟ್ ಬೋಧಕ ಹೊವರ್ಡ್ ಥರ್ಮನ್, ಪತ್ನಿ ಸ್ಯೂ ಬೇಯ್ಲಿ ಥರ್ಮನ್ ಅವರೊಡನೆ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಭೇಟಿಯಾದರು. ಅಹಿಂಸೆಯ ಶುದ್ಧ ಸಂದೇಶ ಜಗತ್ತಿಗೆ ತಲುಪುವುದು ಬಹುಶಃ ಅಮೆರಿಕದ ಕಪ್ಪು ಜನರ ಮೂಲಕವೇ ಎಂಬ ಅಭಿಪ್ರಾಯವನ್ನು ಗಾಂಧೀಜಿ ಆಗ ವ್ಯಕ್ತಪಡಿಸಿದರು. ಅದೇ ವರ್ಷದ ಕೊನೆಯ ಹೊತ್ತಿಗೆ ವರ್ಧಾಕ್ಕೆ ಬಂದ ಬೆಂಜಮಿನ್ ಮೇಯ್ಸ್ ಮುಂದೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ, ಅಲ್ಲಿ ವಿದ್ಯಾರ್ಥಿಯಾಗಿದ್ದ ಕಿಂಗ್ ಅವರಿಗೆ ಗುರುವಾದರು. ದೈವಶಾಸ್ತ್ರ ಓದುತ್ತಿದ್ದಾಗ ಫಿಲಡೆಲ್ಫಿಯಾದಲ್ಲಿ ಬೋಧಕ ಮೊರ್ಡಿಕಾಯ್ ಜಾನ್ಸನ್ ಅವರು ಭಾರತ ಪ್ರವಾಸದ ಬಗ್ಗೆ ಮಾಡಿದ ಪ್ರವಚನ ಕೇಳಿ ಕಿಂಗ್ ಗಾಂಧಿಯ ಕುರಿತ ಪುಸ್ತಕಗಳನ್ನು ಕೊಂಡು ಓದಿದರು. ಅವರ ಪಾಲಿಗೆ ಸತ್ಯಾಗ್ರಹ ಯೇಸುವಿನ ಪ್ರೇಮಬೋಧೆಯನ್ನು ಬೀದಿಗಿಳಿಸುವ ದಾರಿಯಾಯಿತು.

1954ರಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯ ಡೆಕ್ಸ್‌ಟರ್ ಅವೆನ್ಯೂ ಚರ್ಚಿಗೆ ಅವರು ಸಭಾಪಾಲಕರಾಗಿ ಬಂದರು. ಆ ಊರಿನ ಬಸ್ಸುಗಳಲ್ಲಿ ಮುಂದಿನ ಹತ್ತು ಸೀಟುಗಳು ಬಿಳಿಯರಿಗೆ ಮೀಸಲು. ಕಪ್ಪು ಪ್ರಯಾಣಿಕರು ಎಷ್ಟೋ ಬಾರಿ ಮುಂಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಮತ್ತೆ ಕೆಳಗಿಳಿದು ಹಿಂಬಾಗಿಲಿನಿಂದ ಹತ್ತಬೇಕಾಗುತ್ತಿತ್ತು. ಅಷ್ಟರಲ್ಲಿ ಬಸ್ಸು ಹೊರಟುಬಿಡುವುದೂ ಇತ್ತು. 1955ರ ಡಿಸೆಂಬರ್ 1ರಂದು ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಟ್ಟೇಳದೆ ಬಂಧಿತರಾದ ಮೇಲೆ ಆರಂಭವಾದ ಬಸ್ ಬಹಿಷ್ಕಾರ 381 ದಿನ ನಡೆಯಿತು. ಕಪ್ಪು ಟ್ಯಾಕ್ಸಿ ಚಾಲಕರು ಬಸ್ಸಿನ ದರವಾದ ಹತ್ತು ಸೆಂಟಿಗೇ ಜನರನ್ನು ಒಯ್ದರು. ಅದನ್ನು ಪೊಲೀಸರು ತಡೆದಾಗ ಚರ್ಚುಗಳು ಕಾರುಗಳನ್ನು ಹೊಂದಿಸಿದವು. ಅನೇಕರು ನಡೆದೇ ಹೋದರು. ಬಹಿಷ್ಕಾರದ ನೇತೃತ್ವ ವಹಿಸಿದ್ದ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನೊಂದಿಗೆ 1956ರ ಡಿಸೆಂಬರ್‌ನಲ್ಲಿ ಬಹಿಷ್ಕಾರ ಮುಗಿಯಿತು. ಅದೇ ತಿಂಗಳ 6ರಂದು ದೆಹಲಿಯಲ್ಲಿ ಅಂಬೇಡ್ಕರ್ ತೀರಿಕೊಂಡಿದ್ದರು.

ಹೀಗಾಗಿ 1959ರ ಫೆಬ್ರವರಿ 10ರಂದು ಪತ್ನಿ ಕೊರೆಟ್ಟಾ ಮತ್ತು ಇತಿಹಾಸಕಾರ ಲಾರೆನ್ಸ್ ರೆಡ್ಡಿಕ್ ಅವರೊಡನೆ ದೆಹಲಿಗೆ ಬಂದಿಳಿದ ಕಿಂಗ್ ಅವರಿಗೆ ಅಂಬೇಡ್ಕರ್ ಸಿಗುವಂತಿರಲಿಲ್ಲ. ಬೆಂಗಳೂರನ್ನೂ ಒಳಗೊಂಡ ಆ ಒಂದು ತಿಂಗಳ ಪ್ರವಾಸದಲ್ಲಿ ಅವರಿಗೆ ಸಿಕ್ಕವರು ನೆಹರೂ, ವಿನೋಬಾ ಮತ್ತು ಗಾಂಧಿವಾದಿಗಳು. ಹಿಂದುಳಿದವರಿಗೆ ಶಿಕ್ಷಣದಲ್ಲಿ ಆದ್ಯತೆ ಕೊಡುವುದು ತಾರತಮ್ಯವಲ್ಲವೇ ಎಂದು ರೆಡ್ಡಿಕ್ ಕೇಳಿದಾಗ, ಇರಬಹುದು, ಆದರೆ ಶತಮಾನಗಳ ಅನ್ಯಾಯಕ್ಕೆ ನಾವು ಮಾಡಿಕೊಳ್ಳುತ್ತಿರುವ ಪ್ರಾಯಶ್ಚಿತ್ತವಿದು ಎಂಬ ಅರ್ಥದಲ್ಲಿ ನೆಹರೂ ಉತ್ತರಿಸಿದ್ದನ್ನು ಕಿಂಗ್ ಮುಂದೆ ಬರೆದಿದ್ದಾರೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯನ್ನು ಕಂಡು, ಭಾರತ ಅಮೆರಿಕಕ್ಕಿಂತ ವೇಗವಾಗಿ ಸಾಗುತ್ತಿದೆ ಎಂದು ಅವರು ನಂಬಿದರು. ಇದು ಆತಿಥೇಯರ ಕಣ್ಣಿನಿಂದ ಕಂಡ ಭಾರತವೆಂದೇ ಹೇಳಬೇಕಾಗುತ್ತದೆ. ತಿರುವನಂತಪುರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ದಲಿತ ಮಕ್ಕಳಿಗೆ ಅವರನ್ನು ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯರೆಂದೇ ಪರಿಚಯಿಸಿದಾಗ ಮೊದಲು ನೋವಾಗಿ, ಆಮೇಲೆ ಅದು ನಿಜವೆಂದು ತೋರಿದ್ದನ್ನು 1965ರ ಪ್ರವಚನವೊಂದರಲ್ಲಿ ಅವರು ನೆನೆದರು. ಜಾತಿಯ ವಿಚಾರದಲ್ಲಿ ಇಡೀ ಪ್ರವಾಸದ ಅತ್ಯಂತ ಆಳವಾದ ಪಾಠ ಅವರಿಗೆ ಆ ತರಗತಿಯಲ್ಲೇ ಸಿಕ್ಕಿತೆಂದು ತೋರುತ್ತದೆ.

ಆನಂತರದ ವರ್ಷಗಳು ಸುಪರಿಚಿತ: 1963ರ ಬರ್ಮಿಂಗ್‌ಹ್ಯಾಮ್ ಚಳವಳಿ ಮತ್ತು ವಾಷಿಂಗ್ಟನ್ ಮೆರವಣಿಗೆ, 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು ನೊಬೆಲ್ ಶಾಂತಿ ಪ್ರಶಸ್ತಿ, 1965ರ ಮತದಾನ ಹಕ್ಕಿನ ಕಾಯ್ದೆ. ಕಾನೂನು ಗೆದ್ದ ಮೇಲೂ ಕೂಲಿ, ವಸತಿ, ಬಡತನದ ಪ್ರಶ್ನೆಗಳು ಹಾಗೇ ಉಳಿದವೆಂದು ಕಂಡುಕೊಂಡ ಕಿಂಗ್ ಮೆಂಫಿಸ್ ನಗರದ ಪೌರಕಾರ್ಮಿಕರ ಮುಷ್ಕರಕ್ಕೆ ಹೋದರು. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತದ್ದು ಆ ಮುಷ್ಕರಕ್ಕೆ ಕಾರಣವಾಗಿತ್ತು. 1968ರ ಏಪ್ರಿಲ್ 4ರಂದು ಅಲ್ಲಿಯೇ ಅವರ ಹತ್ಯೆಯಾಯಿತು.

ಇತ್ತ ಕೂಡ್ಲಿಗಿಯ ಹುತಾತ್ಮ ಸ್ಮಾರಕದಲ್ಲಿ ಗಾಂಧೀಜಿಯ ಚಿತಾಭಸ್ಮವಿದೆ. ಆದರೆ 1934ರ ಯಾತ್ರೆ ಎತ್ತಿದ ಅಸ್ಪೃಶ್ಯತೆಯ ಪ್ರಶ್ನೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕೇರಿಗಳಲ್ಲಿ ಸಿಕ್ಕ ಉತ್ತರವನ್ನು ಸ್ಮಾರಕದಿಂದ ಅಳೆಯಲಾಗದು. ಮುತ್ತು ಕಟ್ಟುವುದು, ಎಂದರೆ ಹೆಣ್ಣುಮಗಳಿಗೆ ದೇವಿಯ ಹೆಸರಿನಲ್ಲಿ ಮಣಿಸರ ಕಟ್ಟಿ ಮದುವೆಯ ಹಕ್ಕನ್ನೇ ಕಿತ್ತುಕೊಳ್ಳುವ ದೇವದಾಸಿ ಪದ್ಧತಿ, ಈ ಸೀಮೆಯಲ್ಲಿ ಬಹುಪಾಲು ದಲಿತ ಕುಟುಂಬಗಳ ಮೇಲೆಯೇ ಬಿದ್ದಿತ್ತು; ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಹೆಸರೂ ಇದರೊಡನೆ ಬಹುಕಾಲ ತಳುಕು ಹಾಕಿಕೊಂಡಿತ್ತು. 1976ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂಬ ಹೆಸರು ಪಡೆಯಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರಲ್ಲಿ ರೂಪುಗೊಂಡಿತು. ಮೆಂಫಿಸ್‌ನಲ್ಲಿ ಕಿಂಗ್ ಕಂಡ ಸತ್ಯವೇ ಇಲ್ಲಿಯೂ ಗೋಚರಿಸುತ್ತದೆ: ನಿಷೇಧ ಒಂದು ಮಾತು; ಹೊಲ, ಮನೆ, ದುಡಿಮೆ ಬೇರೊಂದು ಮಾತು. ಸರ್ಕಾರ 1993–94 ಮತ್ತು 2007–08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಇವುಗಳಲ್ಲಿ ಎರಡನೆಯದು ನಡೆದದ್ದು ಕಾಯ್ದೆ ಬಂದು ಸುಮಾರು 25 ವರ್ಷಗಳಾದ ಮೇಲೆ.