ಅಂಚೆಯಣ್ಣ ಸರ್ಕಾರಿ ನೌಕರರೇ?

ಊರಿನ ಅಂಚೆಯಣ್ಣನನ್ನು ನಾವೆಲ್ಲ ಸರ್ಕಾರಿ ನೌಕರ ಅಂದುಕೊಂಡಿದ್ದೇವೆ. ಇಲಾಖೆಯ ಲೆಕ್ಕದಲ್ಲಿ ಅವರು ಕಾಯಂ ನೌಕರರಲ್ಲ, ‘ಗ್ರಾಮೀಣ ಡಾಕ್ ಸೇವಕ’.

ಇದು ಬ್ರಿಟಿಷರ ಕಾಲದ ಏರ್ಪಾಡು. ಹಳ್ಳಿಯಲ್ಲಿ ಟಪಾಲು ಕಡಿಮೆ, ಪೂರ್ಣ ಸಂಬಳದ ನೌಕರ ದುಬಾರಿ. ಹಾಗಾಗಿ ಶಾಲೆ ಮೇಷ್ಟ್ರು, ಅಂಗಡಿಯವರಿಗೆ ಒಂದಿಷ್ಟು ಭತ್ಯೆ ಕೊಟ್ಟು ಅಂಚೆ ಕೆಲಸ ವಹಿಸಿದರು. ಹೊಟ್ಟೆಪಾಡಿಗೆ ಬೇರೆ ಆದಾಯ ಇದ್ದೇ ಇದೆ ಎಂಬುದು ಅಂದಿನ ಲೆಕ್ಕ.

1977ರಲ್ಲಿ ಸುಪ್ರೀಂ ಕೋರ್ಟ್, ಇವರದೂ ಸರ್ಕಾರದ ಸಿವಿಲ್ ಹುದ್ದೆಯೇ, ವಿಚಾರಣೆ ಇಲ್ಲದೆ ತೆಗೆದುಹಾಕುವಂತಿಲ್ಲ ಎಂದಿತು. ಕೆಲಸಕ್ಕೆ ರಕ್ಷಣೆ ಸಿಕ್ಕಿತು. ಕಾಯಂ ನೌಕರರ ಸಂಬಳ, ಪಿಂಚಣಿ ಸಿಗಲಿಲ್ಲ.

2018ರ ಮೇ 22ರಿಂದ ದೇಶದ ಉದ್ದಗಲಕ್ಕೂ ಮುಷ್ಕರ ನಡೆಯಿತು. ಎರಡು ವಾರ ಹಳ್ಳಿಗಳಲ್ಲಿ ಟಪಾಲು ನಿಂತಿತು. ಜೂನ್ 6ರಂದು ಕೇಂದ್ರ ಸಂಪುಟ ಭತ್ಯೆ ಏರಿಸಿತು: ನಾಲ್ಕು ಗಂಟೆ ಕೆಲಸಕ್ಕೆ ಬ್ರಾಂಚ್ ಪೋಸ್ಟ್ ಮಾಸ್ಟರ್‌ಗೆ ತಿಂಗಳಿಗೆ ಕನಿಷ್ಠ 12,000 ರೂಪಾಯಿ, ಸಹಾಯಕರಿಗೆ 10,000. ತುಟ್ಟಿಭತ್ಯೆ ಬೇರೆ.

ಕಾಯಂ ಮಾಡಿ ಎಂಬ ಬೇಡಿಕೆ ಹಾಗೇ ಉಳಿಯಿತು. ಕಡತದಲ್ಲಿ ಕೆಲಸ ಇಂದಿಗೂ ನಾಲ್ಕೈದು ಗಂಟೆ. ಚೀಲದಲ್ಲಿ ಮಾತ್ರ ಕಾಗದದ ಜೊತೆ ಪಾರ್ಸೆಲ್, ಉಳಿತಾಯ ಖಾತೆ, ವಿಮೆ ಎಲ್ಲವೂ ಸೇರಿವೆ. ಊರಿನ ಅಜ್ಜಿಗೆ ಪಿಂಚಣಿ ಎಣಿಸಿಕೊಡುವ ಅಂಚೆಯಣ್ಣನಿಗೆ, ನಿವೃತ್ತಿಯಾದ ಮೇಲೆ ಕಾಯಂ ನೌಕರರಂಥ ಪಿಂಚಣಿ ಇಲ್ಲ.